ಶಂಖ ಊದಿದರೂ ಬಾರದ ವೈಫೈ

ದ್ವೀಪದ ಒಂದು ಹಳ್ಳಿ, ಒಣಗಾಳಿಯ ಕಾಲ, ಸೂರ್ಯ ಕಡಲಿಗೆ ಇಳಿಯುವ ಹೊತ್ತು. ಸೆಫಿನಾ ಕಂಪ್ಯೂಟರನ್ನು ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿದಳು. ವೈಫೈ ಗುರುತಿನ ಮೇಲೆ ಅದೇ ಕೆಂಪು ಗೀಟು.

“ಏನೇ ಮಾಡ್ದೆ ಇದಕ್ಕೆ?” ಅಂದಳು ಅಕ್ಕ ಲೇತು.

“ನಾನೇನೂ ಮಾಡಿಲ್ಲಪ್ಪ!”

ಮಧ್ಯಾಹ್ನ ಗೇಮ್ ಆಡುವಾಗ ಯಾವುದೋ ಬಟನ್ ಒತ್ತಿದ್ದು ನೆನಪಾಗಿ ಸೆಫಿನಾ ಮತ್ತೆ ಸ್ಕ್ರೀನಿನ ಕಡೆ ಬಗ್ಗಿದಳು.

ನರ್ಸಿಂಗ್ ಶಾಲೆಯವರು ಇನ್ನೇನು ಲೇತುವನ್ನು ವಿಡಿಯೊ ಕಾಲ್‌ನಲ್ಲಿ ಇಂಟರ್‌ವ್ಯೂಗೆ ಕರೆಯುವವರಿದ್ದರು. ಕೊನೆಯ ಸರದಿ ಇವಳದೇ. ತಪ್ಪಿದರೆ ಮುಂದಿನ ವರ್ಷವೇ. ಫೋನಿನಲ್ಲಿ ಡೇಟಾ ಬೇರೆ ಮುಗಿದಿತ್ತು.

ಅಷ್ಟರಲ್ಲಿ ಶಂಖದ ಸದ್ದು ಬಂತು. ‘ಸಾ’ ಶುರುವಾಯಿತು, ಮನೆಮನೆಯಲ್ಲೂ ಪ್ರಾರ್ಥನೆ ಮಾಡುವ ಸಂಜೆಯ ಹೊತ್ತು. ಮತ್ತೆ ಶಂಖ ಊದುವವರೆಗೆ ಯಾರೂ ದಾರಿಗೆ ಇಳಿಯುವಂತಿಲ್ಲ, ಕೂಗುವಂತಿಲ್ಲ. ಇಳಿದರೆ ಮನೆಗೆ ದಂಡ. ದಾರಿ ಕಾಯುವ ಹಿರಿಯರಲ್ಲಿ ಇವರ ತಾತನೂ ಒಬ್ಬ.

“ರೌಟರ್ ದೀಪ ಹಸಿರಾಗೇ ಇದೆ ಕಣೇ,” ಸೆಫಿನಾ ಪಿಸುಗುಟ್ಟಿದಳು. “ಕನೆಕ್ಷನ್ ಅಳಿಸಿ ಹೊಸದಾಗಿ ಸೇರಿಸೋಣ.”

ಅಳಿಸಿದಳು. ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಹೊಡೆದಳು. ತಪ್ಪು ಅಂದಿತು.

“ನೆಟ್ಟಗೆ ಹೊಡಿಯೇ ಮಂಗ!”

ಮತ್ತೆ ತಪ್ಪು.

ಆಗ ಸೆಫಿನಾಗೆ ಹೊಳೆಯಿತು. ನಿನ್ನೆ ಸಾ ಹೊತ್ತಿನಲ್ಲಿ ಗೋಡೆಗೆ ಒರಗಿ ಇವರ ವೈಫೈಯಲ್ಲಿ ವಿಡಿಯೊ ನೋಡುತ್ತಿದ್ದ ಹುಡುಗರನ್ನು ತಾತ ಓಡಿಸಿದ್ದ. ಸಾ ಮುಗಿದ ಮೇಲೆ ಗದರಿದ್ದ: “ನಾಳೆ ಅದು ಹೆಂಗೆ ನೋಡ್ತೀರೋ ನೋಡೇಬಿಡ್ತೀನಿ!”

“ತಾತ ಪಾಸ್‌ವರ್ಡ್ ಬದಲಾಯಿಸಿದಾನೆ! ಕೇಳ್ಕೊಂಡು ಬರ್ತೀನಿ.”

“ಬೇಡ ಕಣೇ, ದಂಡ ಬೀಳತ್ತೆ,” ಲೇತು ತಂಗಿಯ ಕೈ ಹಿಡಿದಳು.

ಸೆಫಿನಾ ಬಿಡಿಸಿಕೊಂಡು ದಾರಿಗೆ ಇಳಿದಳು. ಎರಡೂ ಬದಿಯ ಮನೆಗಳಿಂದ ಹಾಡು. ಒಬ್ಬ ಹಿರಿಯ ಕೋಲಿನಿಂದ ನೆಲ ಕುಟ್ಟಿದ. ಹಲಸಿನಂಥ ಬ್ರೆಡ್‌ಫ್ರೂಟ್ ಮರದ ಕೆಳಗೆ ನಿಂತಿದ್ದ ತಾತನ ಹುಬ್ಬು ಗಂಟಾಯಿತು.

ದಾರಿಯಲ್ಲಿ ಮಾತಾಡುವಂತಿಲ್ಲ. ಅವಳು ಗಾಳಿಯಲ್ಲೇ ಬೆರಳಾಡಿಸಿ ಟೈಪ್ ಮಾಡಿ ತೋರಿಸಿದಳು. ತಾತ ಅವಳನ್ನೇ ನೋಡಿದ. ಆಮೇಲೆ ಕೂತು ಮರಳಿನ ಮೇಲೆ ಕೋಲಿನಿಂದ ಬರೆದ. ಪೆತಿಪೆತಿ. ಮನೆಯ ಹಂದಿಯ ಹೆಸರು, ಎರಡು ಸಲ! ಕಾಲಿನಿಂದ ಅಳಿಸಿ, ಮನೆ ಕಡೆ ಕೈ ತೋರಿಸಿದ.

ಸೆಫಿನಾ ಓಡಿಬಂದು ಅದನ್ನೇ ಹೊಡೆದಳು, ಕೆಂಪು ಗೀಟು ಹೋಯಿತು. “ಗುಡ್ ಈವ್ನಿಂಗ್ ಮೇಡಂ,” ಅನ್ನುವಾಗ ಲೇತುವಿನ ದನಿ ನಡುಗಿತು, ಆಮೇಲೆ ಹಿಡಿತಕ್ಕೆ ಬಂತು.

ಸೋಮವಾರ ಊರ ಸಭೆಯಲ್ಲಿ ಯಾರೂ ಕೇಳುವ ಮೊದಲೇ ತಾತ ಎದ್ದ. “ಸಾ ಹೊತ್ತಲ್ಲಿ ದಾರಿಗೆ ಇಳಿದವಳು ನನ್ನ ಮೊಮ್ಮಗಳು. ಮನೇಲಿ ಹೇಳದೆ ಪಾಸ್‌ವರ್ಡ್ ಬದಲಾಯಿಸಿದೋನು ನಾನು. ದಂಡ ನನ್ನ ಮನೇದು.”

ದಂಡವಾಗಿ ಕೊಡಬೇಕಿದ್ದ ಮೀನಿನ ಡಬ್ಬಿಗಳ ಪೆಟ್ಟಿಗೆಯನ್ನು ತಾತನೇ ಎತ್ತಿದ. ಸೆಫಿನಾ ಓಡಿ ಇನ್ನೊಂದು ತುದಿ ಹಿಡಿದಳು.

“ಭಾರ ಇದೆ ಮರಿ.”

“ಇರ್ಲಿ ಬಿಡು ತಾತ.”

ಹುಡುಗರೆಲ್ಲ ನೋಡುತ್ತಿದ್ದರು. ಅವಳು ನೆಲ ನೋಡುತ್ತ ನಡೆದಳು. ನಡುವೆ ಒಮ್ಮೆ ತಾತನ ಕಡೆ ನೋಡಿದಳು. ಅವನ ತಲೆ ತಗ್ಗಿರಲಿಲ್ಲ. ಅವಳ ಹೆಜ್ಜೆಗೆ ಸರಿಯಾಗಿ ತನ್ನ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡಿದ್ದ. ಸೆಫಿನಾ ಮೆಲ್ಲಗೆ ತಲೆ ಎತ್ತಿದಳು.

ಲೇತು ಹಡಗು ಹತ್ತಿ ನರ್ಸಿಂಗ್ ಶಾಲೆಗೆ ಹೋದದ್ದು ಮುಂದಿನ ತಿಂಗಳು, ಒಂದು ಗುರುವಾರ.