ಗೆರೆಯ ಮೇಲೆ ಎತ್ತಿದ ಕೈ

"ಇದಕ್ಕ ವಾಸನೀನ ಇಲ್ಲಲ್ರಿ?"

ಮುಜಾಫರ ಹೇಳಿದ್ದು ಇಷ್ಟೇ. ಕೊರಳಲ್ಲಿದ್ದ ಏಲಕ್ಕಿ ಹಾರವನ್ನು ಮೂಗಿಗೆ ಹಿಡಿದು, ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ ಹೇಳಿದ್ದ. ಅದನ್ನು ಪೋಣಿಸಿದವಳೇ ಆಕೆ ಎಂದು ಪಾಪ, ಅವನಿಗೇನು ಗೊತ್ತು?

ಸುಮಯ್ಯಾಗೆ ಮೈಯೆಲ್ಲ ಉರಿದುಹೋಯಿತು. ಹಾವೇರಿಯಲ್ಲಿ ಮಂತ್ರಿಗಳಿಗೆ ಸನ್ಮಾನವಾಗಲಿ, ಮದುಮಗನ ಮೆರವಣಿಗೆಯಾಗಲಿ, ಏಲಕ್ಕಿ ಹಾರವೆಂದರೆ ಜನ ಅವಳ ಅಪ್ಪ ಇಸಾಕಸಾಬರ ಅಂಗಡಿಗೇ ಬರುತ್ತಾರೆ. ಇವನ್ಯಾರು ಹೆಸರಿಡಲಿಕ್ಕೆ?

"ನಿಮ್ಮ ಮೂಗು ನೆಟ್ಟಗೈತೇನ್ರಿ? ಹೊಸಾ ಏಲಕ್ಕಿ, ಒಂದೊಂದ ಆರಿಸಿ ಪೋಣಿಸೇನಿ. ಮ್ಯಾಲ ಹಾರಾನೂ ಉಲ್ಟಾ ಹಾಕ್ಕೊಂಡು ನಿಂತೀರಿ. ಪದಕ ಬೆನ್ನಿಗೆ ಹೋಗೇತಿ!"

ಕ್ರೀಡಾಂಗಣದಲ್ಲಿ ಅಂದು ಅವನಿಗೇ ಸನ್ಮಾನ. ಹಿಂದಿನ ಫ್ಲೆಕ್ಸಿನಲ್ಲಿ ಅವನ ಫೋಟೊ, ಅದರ ಕೆಳಗೆ 'ಜಿಲ್ಲೆಯ ಹೆಮ್ಮೆ, ವೃತ್ತಿಪರ ಫುಟ್‌ಬಾಲ್ ಆಟಗಾರ' ಎಂಬ ದಪ್ಪಕ್ಷರ. ಮೈಕಿನ ಮುಂದೆ ಅಧ್ಯಕ್ಷರು, "ವಿಂಗರ್ ಅಂದ್ರ ನಮ್ಮ ಕಬಡ್ಡಿಯಾಗ ರೈಡರ್ ಇದ್ದಂಗ ನೋಡ್ರಿ" ಎಂದು ವಿವರಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು.

"ತಪ್ಪು ತಿಳಕೋಬ್ಯಾಡ್ರಿ," ಎಂದ ಮುಜಾಫರ ಮೆಲ್ಲಗೆ. "ಹಾರದ್ದೇನೂ ತಪ್ಪಿಲ್ಲ. ಮುಂಜಾನಿಂದ ನನಗ ಯಾವ ವಾಸನೀನೂ ಬರವಲ್ದು. ಚಾ ಕುಡದ್ರ ಬರೇ ಬಿಸಿನೀರು ಕುಡದಂಗಾತು."

"ಯಾಕ್ರಿ, ಜ್ವರ ಬಂದಾವೇನು?"

"ಇಲ್ರಿ. ಕ್ಲಬ್ಬಿನವ್ರು ಮೆಸೇಜ್ ಹಾಕ್ಯಾರ. ಮುಂದಿನ ಸೀಸನ್‌ಗೆ ನಾ ಬ್ಯಾಡಂತ."

ಸುಮಯ್ಯಾ ಒಮ್ಮೆ ಫ್ಲೆಕ್ಸ್ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. ಯಾರಿಗೂ ಹೇಳದ್ದನ್ನು ಆತ ತನಗೆ, ಅದೂ ಜಗಳಕ್ಕೆ ನಿಂತವಳಿಗೆ, ಯಾಕೆ ಹೇಳಿದ ಎಂದು ಅವಳಿಗೆ ತಿಳಿಯಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಹೋಯಿತು. ಕೈ ಚಾಚಿ ಹಾರವನ್ನು ತಿರುಗಿಸಿ ಪದಕವನ್ನು ಎದೆಯ ನಡುವಿಗೆ ತಂದಳು.

"ಫೋಟೊದಾಗರ ಸರಿ ಕಾಣ್ರಿ," ಎಂದಳು.

ಬ್ಯಾಡಗಿಗೆ ಮರಳಿದ ಮುಜಾಫರ ಬೂಟುಗಳನ್ನು ಅಟ್ಟಕ್ಕೆ ಎಸೆದು, ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿದ್ದ ಗೂಡುಸಾಬ ಮಾಮುವಿನ ದಲಾಲಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ತಾಯಿ ಮೆಹಬೂಬಿ ಅತ್ತಳು. ಇವನು ಅಳಲಿಲ್ಲ. ಓಣಿಯವರು 'ಗಟ್ಟಿ ಹುಡುಗ' ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ; ಒಳಗೆ ಏನೂ ಆಗುತ್ತಲೇ ಇರಲಿಲ್ಲ, ಅಷ್ಟೇ. ಬಿರಿಯಾನಿಯೂ ಒಂದೇ, ಬರೀ ಅನ್ನವೂ ಒಂದೇ.

ಆಟದಲ್ಲಿ ತೊಡೆಯ ಸ್ನಾಯು ಹರಿದಿದ್ದ ಕಾಲಿಗೆ ವ್ಯಾಯಾಮ ಮಾಡಿಸಲು ಅವನು ರಾಣೆಬೆನ್ನೂರಿನ ಫಿಸಿಯೊ ಬಳಿ ಹೋಗುತ್ತಿದ್ದ. ಹಾರಕ್ಕೆ ಬೇಕಾದ ಜರಿ ದಾರ ತರಲು ಸುಮಯ್ಯಾಳೂ ರಾಣೆಬೆನ್ನೂರಿಗೇ ಬರುತ್ತಿದ್ದಳು. ಮೊದಲ ಸಲ ಸಿಕ್ಕಿದ್ದು ಆಕಸ್ಮಿಕ. ಆಮೇಲಾಮೇಲೆ ಅವಳ ಜರಿ ಅವನ ಫಿಸಿಯೊ ದಿನವೇ ಖಾಲಿಯಾಗತೊಡಗಿತು. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನವನು ಕೇಳದೆಯೇ ಒಂದು ಪ್ಲೇಟ್ ಮಿರ್ಚಿ ಭಜಿ, ಎರಡು ಚಹಾ ತಂದಿಡುವಷ್ಟು ರೂಢಿಯಾಯಿತು.

"ಖರೇ ಹೇಳ್ರಿ, ವಿಂಗರ್ ಅಂದ್ರ ಏನು ಕೆಲಸ? ರೈಡರ್ ಇದ್ದಂಗೇನು?" ಎಂದು ಒಂದು ದಿನ ಕೆಣಕಿದಳು.

ಮುಜಾಫರ ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಮೈದಾನ ಬರೆದ. ಅಂಚಿನ ಗೆರೆಯ ಮೇಲೆ ಬೆರಳಿಟ್ಟ.

"ಇಲ್ಲಿ ನಿಂದ್ರೋದು. ಮುಂದ ಬಯಲು ಬಿದ್ದಿರ್ತೈತಿ. ಕೈ ಎತ್ತಿ ಚೆಂಡು ಕೇಳೋದು."

"ಕೊಡತಾರೇನು?"

"ಒಮ್ಮೊಮ್ಮೆ ಕೊಡತಾರ. ಬಾಳ ಸರ್ತಿ ಈ ಕಡೆ ನೋಡೋದೂ ಇಲ್ಲ. ಆದ್ರೂ ಓಡಬೇಕು. ಹೊಳ್ಳಿ ಬಂದು ಮತ್ತ ಕೈ ಎತ್ತಬೇಕು."

"ಅಯ್ಯ, ಅಷ್ಟು ಮಂದಿ ಮುಂದ ನಾಚಿಕಿ ಬರಂಗಿಲ್ಲೇನ್ರಿ?"

"ನಮ್ಮ ಲೀಗ್‌ಗೆ ಮಂದಿ ಎಲ್ಲಿ ಬರ್ತಿದ್ರು? ಖಾಲಿ ಕುರ್ಚಿ ಮುಂದ ಯಾತರ ನಾಚಿಕಿ?"

ಸುಮಯ್ಯಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಅವನು ನಗಲಿಲ್ಲ. ಬೆಂಗಳೂರಿನ ಕ್ಲಬ್ಬು, ಆಮೇಲೆ ಗೋವಾ, ಆಮೇಲೆ ಕೇರಳದ ಒಂದು ಸಣ್ಣ ಊರು. ಎಲ್ಲವೂ ಎರಡನೇ, ಮೂರನೇ ದರ್ಜೆಯ ಲೀಗುಗಳು. ಸುಡುಬಿಸಿಲಿನ ಮ್ಯಾಚು, ಆಟ ಮುಗಿಯಲು ಬಂದಾಗ ಬದಲಿಯಾಗಿ ಇಳಿಯುವುದು, ಮತ್ತೆ ರಾತ್ರಿ ರೈಲು. ಯಾರದೋ ಕಥೆ ಹೇಳುವ ಹಾಗೆ ಹೇಳಿದ.

ಅವಳ ಕೆನ್ನೆಗೆ ಜರಿಯ ಒಂದು ಎಳೆ ಅಂಟಿಕೊಂಡು, ನಕ್ಕಾಗೆಲ್ಲ ಮಿಣಕ್ ಎನ್ನುತ್ತಿತ್ತು. ಚೆಂದ ಕಾಣುತ್ತಾಳೆ ಎಂದು ಅವನಿಗೆ ತಿಳಿಯಿತು. ತಿಳಿದದ್ದು ಮಾತ್ರ ಎದೆಗೆ ಇಳಿಯಲಿಲ್ಲ.

"ಏನು ನೋಡಾಕತ್ತೀರಿ?"

"ಕೆನ್ನಿ ಮ್ಯಾಲ ಜರಿ ಐತಿ."

"ಇರಲಿ ಬಿಡ್ರಿ," ಎಂದಳು ಸುಮಯ್ಯಾ. ಒರೆಸಿಕೊಳ್ಳಲಿಲ್ಲ.

ಇಂಥ ಹುಡುಗಿ ಎಷ್ಟು ದಿನ ಕಾಯಬೇಕು? ಒಂದು ಮಧ್ಯಾಹ್ನ ಮಿರ್ಚಿಯನ್ನು ಮುಟ್ಟದೆ, ಚಹಾವನ್ನೂ ಮುಟ್ಟದೆ ಅವಳೇ ಬಾಯಿ ಬಿಟ್ಟಳು.

"ಶುಕ್ರವಾರ ನನ್ನ ನೋಡಾಕ ಸವಣೂರಿಂದ ಬರಾಕತ್ತಾರ."

"ಹೌದಾ?"

"ಹೌದಾ ಅಂತ ಕೇಳಾಕ ಹೇಳಲಿಲ್ರಿ ನಾ. ಅಬ್ಬಾಗ ಇನ್ನೂ ಹ್ಞೂಂ ಅಂದಿಲ್ಲ. ನೀವು ಒಂದು ಮಾತು ಅಂದ್ರ, ಅನ್ನಂಗೂ ಇಲ್ಲ."

ಮುಜಾಫರ ತನ್ನೊಳಗೆ ಹುಡುಕಿಕೊಂಡ. ಪ್ರಾಮಾಣಿಕವಾಗಿಯೇ ಹುಡುಕಿದ. ಅಲ್ಲಿ ಏನೂ ಸಿಗಲಿಲ್ಲ.

"ನಿಮಗ ಸುಳ್ಳು ಹೇಳಾಕ ಮನಸಿಲ್ಲ ಸುಮಯ್ಯಾ. ನನಗ ಏನೂ ಅನಸವಲ್ದು. ಆಟ ಹೋತಂತ ದುಃಖಾನೂ ಇಲ್ಲ, ನೀವು ಎದುರು ಕುಂತೀರಂತ ಖುಷೀನೂ ಇಲ್ಲ. ಇಂಥಾವನ್ನ ಕಟಗೊಂಡು ಏನ್ ಮಾಡ್ತೀರಿ?"

"ಖರೇ ಹೇಳಿದ್ರಿ. ಚಲೋ ಆತು," ಎಂದು ಜರಿಯ ಚೀಲ ಎತ್ತಿಕೊಂಡು ಹಾವೇರಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕುಳಿತರೂ ಹೊರಗೆ ನೋಡಲಿಲ್ಲ.

ಈಗಲಾದರೂ ಎದೆ ಚುರ್ರೆನ್ನಬೇಕಿತ್ತು. ಮುಜಾಫರ ಆರಿದ ಮಿರ್ಚಿ ತಿಂದು, ಅವಳ ಪಾಲಿನ ಚಹಾವನ್ನೂ ಕುಡಿದು ಎದ್ದ.

ಗುರುವಾರ ಬ್ಯಾಡಗಿಯಲ್ಲಿ ಮಾರ್ಕೆಟ್ಟಿನ ದಿನ. ಅಂಗಳದ ತುಂಬ ಕೆಂಪು ರಾಶಿಗಳು, ಕಾಲಿಡಲು ಜಾಗವಿಲ್ಲ. ಹೊರಗಿನಿಂದ ಬಂದವರು ಸೀನುತ್ತಿದ್ದರು, ಹಮಾಲರು ಚೀಲ ಹೊತ್ತು ಓಡಾಡುತ್ತಿದ್ದರು. ಮುಜಾಫರ ಡಬ್ಬಿ ಕಾಯಿಯ ರಾಶಿಯ ಮುಂದೆ ಕುಳಿತು ಬಿಳಿಚಿದ ಕಾಯಿಗಳನ್ನು ಆರಿಸಿ ತೆಗೆಯುತ್ತಿದ್ದ.

ವ್ಯಾಪಾರಸ್ಥರ ಯಾವುದೋ ಸಮಾರಂಭಕ್ಕೆ ಹಾರ ಕೊಡಲು ಸುಮಯ್ಯಾ ಬಂದಿದ್ದಳು. ಕೊಟ್ಟವಳು ಸೀದಾ ರೈಲ್ವೆ ಸ್ಟೇಷನ್ನಿಗೆ ಹೋಗಬಹುದಿತ್ತು. ಹೋಗಲಿಲ್ಲ. ರಾಶಿಗಳ ಆಚೆ ಗೋಡೆಯ ಪಕ್ಕ ಉಳಿದಿದ್ದ ಕಿರಿದಾದ ಜಾಗದಲ್ಲಿ ನಿಂತು, ಅವನತ್ತ ಕೈ ಎತ್ತಿದಳು.

ಮುಜಾಫರ ನೋಡಿದ. ನೋಡಿಯೂ ತಲೆ ತಗ್ಗಿಸಿ ಕಾಯಿ ಆರಿಸಿದ. ಏನೆಂದು ಮಾತಾಡುವುದು?

ಹಮಾಲನೊಬ್ಬ ಚೀಲ ಹೊತ್ತು ಅಡ್ಡ ಬಂದ. ಅವನು ದಾಟಿ ಹೋದ ಮೇಲೆ ಮುಜಾಫರ ಮತ್ತೆ ತಲೆಯೆತ್ತಿದ. ಎತ್ತಿದ ಕೈ ಹಾಗೆಯೇ ಇತ್ತು.

ಆ ಕೈಯ ಪರಿಚಯ ಅವನಿಗಿತ್ತು. ಯಾರೂ ನೋಡದಾಗ ಭುಜ ಹೇಗೆ ಸೋಲುತ್ತದೆ, ಇಳಿಸಿದರೆ ಎಲ್ಲಿ ಮರೆತೇಬಿಡುತ್ತಾರೋ ಎಂಬ ಭಯಕ್ಕೆ ಹೇಗೆ ಅದನ್ನು ಎತ್ತಿಯೇ ಇಟ್ಟುಕೊಳ್ಳಬೇಕಾಗುತ್ತದೆ ಎಂಬುದು ಅವನಷ್ಟು ಯಾರಿಗೆ ಗೊತ್ತು? ವರ್ಷಗಟ್ಟಲೆ ಗೆರೆಯ ಮೇಲೆ ನಿಂತು, ನೋಡದವರನ್ನು ಮನಸ್ಸಿನಲ್ಲೇ ಬೈದಿದ್ದ. ಈಗ ಚೆಂಡು ಅವನ ಕಾಲಲ್ಲೇ ಇತ್ತು. ನೋಡದವನು ಅವನೇ ಆಗಿದ್ದ.

ಎದ್ದು, ರಾಶಿಗಳ ಸಂದಿಯಲ್ಲಿ ಅಡ್ಡಾದಿಡ್ಡಿ ಹೆಜ್ಜೆ ಹಾಕುತ್ತ ಅವಳ ಮುಂದೆ ಬಂದು ನಿಲ್ಲುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

ಸುಮಯ್ಯಾ ಗಾಬರಿಯಾದಳು. "ಏನಾತ್ರಿ?"

"ಏನಿಲ್ರಿ. ಕಾಯಿ ಮುಟ್ಟಿದ ಕೈ ಕಣ್ಣಿಗೆ ಹತ್ತೇತಿ. ಖಾರ."

ಅವಳು ಬಗ್ಗಿ ರಾಶಿಯಿಂದ ಒಂದು ಕಾಯಿ ಎತ್ತಿ, ಅವನನ್ನೇ ನೋಡುತ್ತ ಕಚ್ಚಿ ಅಗಿದಳು.

"ಇದು ಡಬ್ಬಿ ಕಾಯಿ. ಬಣ್ಣ ಐತಿ, ಇಷ್ಟು ಅಳಸೋ ಖಾರ ಎಲ್ಲೈತಿ ಇದರಾಗ? ಬ್ಯಾಡಗಿಯಾಗ ಹುಟ್ಟಿದವ್ರು ಹೇಳೋ ಸುಳ್ಳೇನ್ರಿ ಇದು?"

ಅಲ್ಲಿಗೆ ಅವನ ಕಟ್ಟೆಯೊಡೆಯಿತು. ಕ್ಲಬ್ಬಿನ ಮೆಸೇಜು, ಖಾಲಿ ಕುರ್ಚಿಗಳು, ಅಟ್ಟದ ಮೇಲಿನ ಬೂಟುಗಳು, ಅವಳಿಲ್ಲದ ಮೇಜಿನ ಮುಂದೆ ಕುಡಿದ ಆ ಚಹಾ, ಎಲ್ಲಕ್ಕೂ ಸೇರಿಸಿ ಬಿಕ್ಕಿ ಬಿಕ್ಕಿ ಅತ್ತ. ಹಮಾಲರು ನಿಂತು ನೋಡಿದರು. ಗೂಡುಸಾಬ ಮಾಮು ಮುಖ ತಿರುಗಿಸಿ, ಮೇಲೆ ಏನೂ ಇಲ್ಲದ ತಕ್ಕಡಿಯನ್ನು ಬಹಳ ಗಮನವಿಟ್ಟು ನೋಡತೊಡಗಿದರು.

ಸುಮಯ್ಯಾ ಕರವಸ್ತ್ರ ಚಾಚಿದಳು. ಮುಜಾಫರ ಅದನ್ನು ಮುಖಕ್ಕೆ ಒತ್ತಿಕೊಂಡು, ಹಾಗೇ ನಿಂತುಬಿಟ್ಟ.

"ಏಲಕ್ಕಿ ವಾಸನಿ," ಎಂದ.

"ಬರಾಕತ್ತೇತೇನು?"

"ಬಾಳ ಬರಾಕತ್ತೇತಿ."

ನಗು ಮುಚ್ಚಿಡಲು ಅವಳು ಆಚೆ ತಿರುಗಿದಳು. "ಅದಕ್ಕ ನಾ ಏನ್ ಮಾಡ್ಲಿ?"

"ನಾಳೆ ಸವಣೂರಿನವ್ರು ಬರೋದು ಬ್ಯಾಡಂತ ಅಬ್ಬಾಗ ಹೇಳ್ರಿ. ಮಾಮುನ್ನ ಕರಕೊಂಡು ನಾ ಬರ್ತೇನಿ. ಆಟ ಮುಗದೈತಿ, ಕಾಲೂ ನೆಟ್ಟಗಿಲ್ಲ. ಆದ್ರ ನನಗ ನೀವು ಬೇಕು ಸುಮಯ್ಯಾ."

"ನಮ್ಮನ್ಯಾಗ ಮದುಮಗಾ ಏಲಕ್ಕಿ ಹಾರಾನ ಹಾಕ್ಕೋಬೇಕು. ಮತ್ತ ಉಲ್ಟಾ ಹಾಕ್ಕೊಂಡು ನಿಂತ್ರ?"

"ಸರಿ ಮಾಡಾಕ ನೀವು ಇರ್ತೀರಲ್ರಿ."

ಸುಮಯ್ಯಾ ಕೈಯಲ್ಲಿ ಉಳಿದಿದ್ದ ಅರ್ಧ ಕಾಯಿಯನ್ನೂ ಬಾಯಿಗೆ ಹಾಕಿಕೊಂಡು, ಖಾರವಿಲ್ಲದ ಆ ಕಾಯಿಗೆ ತಾನೂ ಕಣ್ಣು ಒರೆಸಿಕೊಂಡಳು.