ಎಡಗಡೆ ನಿಂತು ಹೇಳಿದ ಮಾತು

"ಅಣ್ಣಾರ... ಸ್ವಲ್ಪ ಆಕಡಿ ಸರೀರಿ!"

ಉತ್ತರವಿಲ್ಲ.

"ಓ ಅಣ್ಣಾರ! ನಿಮಗ ಹೇಳಾಕತ್ತೇನಿ... ಆ ಮೊಬೈಲ್ ಕೆಳಗ ಇಳಸ್ರಿ. ನಮಗ ಏನೂ ಕಾಣವಲ್ದು!"

ಎದುರಿಗಿದ್ದ ಉದ್ದನೆಯ ಮನುಷ್ಯ ಕದಲಲಿಲ್ಲ. ಎರಡೂ ಕೈ ಮೇಲೆತ್ತಿ, ಮೊಬೈಲಿನಲ್ಲಿ ವೇದಿಕೆಯನ್ನು ಸೆರೆಹಿಡಿಯುತ್ತಲೇ ಇದ್ದ.

ಮುಬೀನಾಳ ತಾಳ್ಮೆ ಮುಗಿದಿತ್ತು. ಇಂಡಿಯಿಂದ ಬೆಳಗಿನ ಬಸ್ಸು ಹಿಡಿದು, ವಿಜಯಪುರದಲ್ಲಿ ಇನ್ನೊಂದು ಬಸ್ಸಿಗೆ ಕಾದು, ನಿಡಗುಂದಿಗೆ ಬಂದವಳು ಅವಳು. ಹಿನ್ನೀರಿನ ದಂಡೆಯ ಬಯಲಿನಲ್ಲಿ ಎರಡು ದಿನದ ಸಂಗೀತೋತ್ಸವ. ನೆರಳಿಲ್ಲ, ಕುರ್ಚಿ ಸಾಲದು. ಮೈಕು ಸರಿಮಾಡುವುದರಲ್ಲೇ ಅರ್ಧ ಮಧ್ಯಾಹ್ನ ಹೋಗಿತ್ತು. ಈಗ ಅವಳು ಯಾರನ್ನು ನೋಡಲು ಬಂದಿದ್ದಳೋ ಆ ಹಾಡುಗಾರ್ತಿ ಡೆಲ್ಫಿನಾ ಆಂಟಿ ವೇದಿಕೆಗೆ ಬಂದಾಗ, ಎದುರಿಗೆ ಈ ಗೋಡೆ!

ಕೈಯಲ್ಲಿದ್ದ ಛತ್ರಿಯಿಂದ ಅವನ ಬೆನ್ನಿಗೆ ತಿವಿದೇಬಿಟ್ಟಳು.

ಅವನು ಬೆಚ್ಚಿ ತಿರುಗಿದ. ನಗುಮುಖ. "ಏನ್ರಿ?"

"ಏನ್ರಿ ಅಂತೀರಲ್ಲ! ಎಷ್ಟು ಸಲ ಕರೀಬೇಕು? ಕಿವಿ ಕೇಳಂಗಿಲ್ಲೇನು ನಿಮಗ?"

ಅವನ ಮುಖದ ನಗು ಆರಿಹೋಯಿತು. "ತಪ್ಪಾತ್ರಿ," ಎಂದು ಮೊಬೈಲನ್ನು ಜೇಬಿಗಿಟ್ಟು ಪಕ್ಕಕ್ಕೆ ಸರಿದು ನಿಂತ.

'ಅಯ್ಯ! ಇಷ್ಟಕ್ಕ ಯಾಕ ಇಷ್ಟು ಸಪ್ಪಗಾದ?' ಎಂದುಕೊಂಡಳು ಮುಬೀನಾ.

ಪಾಪ, ಅವಳಿಗೇನು ಗೊತ್ತು? ಸಣ್ಣವನಿದ್ದಾಗ ಬಂದ ಜ್ವರದಲ್ಲಿ ಯುನೂಸ ಎಂಬ ಆ ಮನುಷ್ಯನ ಎಡಗಿವಿ ಪೂರ್ತಿ ಹೋಗಿತ್ತು. ಆ ಗದ್ದಲದಲ್ಲಿ ಅವಳು ನಿಂತು ಕೂಗಿದ್ದು ಸರಿಯಾಗಿ ಅವನ ಎಡಕ್ಕೆ.

ವೇದಿಕೆಯ ಮೇಲೆ ಡೆಲ್ಫಿನಾ ಆಂಟಿ ಕುರ್ಚಿಯಲ್ಲಿ ಕೂತು ಹಾಡತೊಡಗಿದರು. ಶಿಲ್ಲಾಂಗಿನವರು, ಎಪ್ಪತ್ತು ದಾಟಿದ ವಯಸ್ಸು, ಬೆಳ್ಳಗಿನ ಕೂದಲು. ಧಾರವಾಡದಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಶಿಲ್ಲಾಂಗ್ ಗೆಳತಿಯೊಬ್ಬಳು ಅವರ ಹಾಡುಗಳ ಹುಚ್ಚು ಮುಬೀನಾಳಿಗೆ ಹಚ್ಚಿದ್ದಳು. ಅವರು ಹಾಡುವ ಬ್ಲೂಸ್ ಅಂದರೆ ಅವಳಿಗೆ ತಿಳಿದದ್ದಿಷ್ಟೇ: ಎದೆಯೊಳಗಿನ ಬೇಸರ, ಸಿಟ್ಟು, ಕಿರಿಕಿರಿ ಎಲ್ಲವನ್ನೂ ಮುಚ್ಚಿಡದೆ, ಎಳೆದು ಎಳೆದು ಹಾಡಿಬಿಡುವುದು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಅದು ಬೇಕೇ ಬೇಕಿತ್ತು!

ಹಾಡು ಮುಗಿದಾಗ ಅವಳ ಕಣ್ಣು ಒದ್ದೆಯಾಗಿದ್ದವು. ಪಕ್ಕಕ್ಕೆ ನೋಡಿದರೆ, ಆ ಉದ್ದನೆಯ ಮನುಷ್ಯನೂ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಆಮೇಲೆ ಚಹದ ಅಂಗಡಿಯಲ್ಲಿ ಅವನೇ ಬಂದು ಮಾತಾಡಿಸಿದ. ಸಿಂದಗಿಯಲ್ಲಿ ದನದ ಡಾಕ್ಟರ್. ಬೀದರಿನಲ್ಲಿ ಓದುವಾಗಿನಿಂದ ಹಳೆಯ ರಾಕ್, ಬ್ಲೂಸ್ ಎಂದರೆ ಪ್ರಾಣ.

"ನಾ ತಗದ ವಿಡಿಯೋ ನಿಮಗ ಕಳಸ್ತೇನ್ರಿ. ನೀವು ಛತ್ರಿಲೆ ತಿವಿಯೂ ಮಟಾ ಚಲೋ ಬಂದೈತಿ!"

ಮುಬೀನಾಳ ಜೊತೆಗೆ ಬಂದಿದ್ದ ಗೆಳತಿ ಸುಮಂಗಲಾ ಕಿಸಕ್ಕನೆ ನಕ್ಕಳು. ಮುಬೀನಾ ನಗಲಿಲ್ಲ. ಆದರೆ ನಂಬರ್ ಕೊಟ್ಟಳು.

*

ಒಂದು ವರ್ಷ ಮೆಸೇಜುಗಳಲ್ಲಿ ಓಡಿತು. ಯುನೂಸ ಎಂಥಾ ಕಿರಿಕಿರಿ ಮನುಷ್ಯ! ಅಪರೂಪಕ್ಕೆ ಭೇಟಿಯಾದರೆ ಹೋಟೆಲಿನಲ್ಲಿ ಕೂತ ಜಾಗ ಬಿಟ್ಟೇಳುತ್ತಿದ್ದ. "ಇಲ್ಲಿ ಬ್ಯಾಡ್ರಿ, ಆಕಡಿ ಕೂಡ್ತೇನಿ." ಗದ್ದಲವಿದ್ದಲ್ಲಿ ಎಲ್ಲದಕ್ಕೂ ಒಂದೇ ಉತ್ತರ, "ಹೂಂ... ಹೂಂ." ಅವಳು ಅರ್ಧ ತಾಸು ಹೇಳಿದ ಸುದ್ದಿಯನ್ನು ಮರುದಿನ ಮೊದಲ ಸಲ ಕೇಳಿದವನಂತೆ ಕೇಳುತ್ತಿದ್ದ!

'ನನ್ನ ಕ್ಲಾಸಿನ್ಯಾಗ ಇದ್ದಿದ್ರ ಹೊರಗ ನಿಲ್ಲಸ್ತಿದ್ದೆ,' ಎಂದು ಹಲ್ಲು ಕಡಿಯುತ್ತಿದ್ದಳು.

ಆದರೆ ಒಂದು ಸಂಜೆ ಅವನಿಂದ ಮೆಸೇಜು ಬಂತು: "ಮುಂಜಾನಿಯಿಂದ ಒಂದು ಆಕಳ ಹತ್ರ ಕುಂತಿದ್ದೆ. ಉಳಿಯಂಗಿಲ್ಲ ಅನ್ಕೊಂಡಿದ್ದೆ. ತಾಯಿ, ಕರು ಎರಡೂ ಉಳದಾವ. ಮೊದಲು ನಿಮಗ ಹೇಳಬೇಕನಿಸ್ತು."

ಮುಬೀನಾ ಅದನ್ನು ಎರಡೆರಡು ಸಲ ಓದಿದಳು. ಮೊದಲು ನಿಮಗೆ... ಆ ಮಾತು ಅವಳ ಎದೆಯಲ್ಲಿ ಎಲ್ಲೋ ಹೋಗಿ ಕೂತುಬಿಟ್ಟಿತ್ತು.

ಯುನೂಸನಿಗೂ ತನ್ನ ಕಿವಿಯ ಸಂಗತಿ ಅವಳಿಗೆ ಹೇಳಿಬಿಡುವ ಆಸೆ. ಆದರೆ ಮನಗೂಳಿಯಲ್ಲಿ ಒಮ್ಮೆ ಗೊತ್ತಾಗಿದ್ದ ಸಂಬಂಧ, ಕಿವಿಯ ಸುದ್ದಿ ಕೇಳಿದ್ದೇ ತಡ, ಮುರಿದಿತ್ತು. "ಕಿವುಡಗ ಮಗಳನ್ನ ಕೊಡೂದಿಲ್ಲ," ಎಂದಿದ್ದರು. 'ಇವಳೂ ಹಂಗ ಅಂದ್ರ?' ಬಾಯಿವರೆಗೆ ಬಂದದ್ದನ್ನು ಪ್ರತಿಸಲ ನುಂಗಿಕೊಳ್ಳುತ್ತಿದ್ದ.

*

ಮರುವರ್ಷ ಅದೇ ಬಯಲು, ಅದೇ ಧೂಳು. ಈ ಸಲ ಇಬ್ಬರೂ ಒಟ್ಟಿಗೆ ನಿಂತಿದ್ದರು. ಸುಮಂಗಲಾ ಹಿಂದೆ ಎಲ್ಲೋ ಕಡಲೆಕಾಯಿ ತಿನ್ನುತ್ತಿದ್ದಳು.

ಮೊದಲು ಮುಂಬೈನ ರುಸ್ತುಂ ಅಂಕಲ್ ಬಂದರು. ಹಳೇ ರಾಕ್ ಗಿಟಾರ್ ವಾದಕ, ದೊಗಳೆ ಪ್ಯಾಂಟು, ಬಾಗಿದ ಬೆನ್ನು. ಆದರೆ ಬೆರಳು ತಂತಿಗೆ ತಾಗಿದ್ದೇ ತಡ, ಬಯಲೆಲ್ಲ ಎದ್ದು ನಿಂತಿತು! ಮೊದಲ ಹಾಡಾದ ಮೇಲೆ ಕಿವಿಯೊಳಗಿನ ಯಂತ್ರ ತೆಗೆದು ಎಲ್ಲರಿಗೂ ತೋರಿಸಿದರು.

"ಜೀವನಪೂರ್ತಿ ದೊಡ್ಡ ಸ್ಪೀಕರ್ ಪಕ್ಕ ನಿಂತೆ. ಈಗ ಕಿವಿ ಇಲ್ಲ. ನನ್ನ ಹೆಂಡತಿಗೆ ಭಾರೀ ಖುಷಿ, ಗಂಡ ಎದುರು ಮಾತಾಡುವುದನ್ನೇ ಬಿಟ್ಟ ಅಂತ!" ಎಂದರು ಹಿಂದಿಯಲ್ಲಿ.

ಜನ ಬಿದ್ದು ಬಿದ್ದು ನಕ್ಕರು. ಮುಬೀನಾಳೂ ನಕ್ಕಳು. ಯುನೂಸ ಮಾತ್ರ ನಗಲಿಲ್ಲ. ಅವಳು ನಕ್ಕದ್ದನ್ನು ನೋಡಿ ಅವನ ಮುಖ ಇಳಿದುಹೋಯಿತು.

ಆಮೇಲೆ ಡೆಲ್ಫಿನಾ ಆಂಟಿ. ನಡುವೆ ಹಾಡಿನ ಸಾಲು ಮರೆತುಹೋಯಿತು. ಆಂಟಿ ತಲೆಯಾಡಿಸಿ ನಕ್ಕರು, ಗಿಟಾರಿನವನಿಗೆ ಮತ್ತೆ ಶುರುಮಾಡೆಂದು ಸನ್ನೆ ಮಾಡಿದರು, ಮೊದಲಿನಿಂದ ಹಾಡಿದರು. ಈ ಸಲ ಇನ್ನೂ ಜೋರಾಗಿ.

'ಈ ವಯಸ್ಸಿನ್ಯಾಗ ಇಷ್ಟು ಮಂದಿ ಮುಂದ ಈಕಿ ಎದಿ ತಗದಿಡ್ತಾಳ. ನಾ ಒಬ್ಬನ ಮುಂದ ಒಂದು ಮಾತು ಹೇಳಾಕ ಹೆದರ್ತೇನಲ್ಲ!' ಎಂದುಕೊಂಡಳು ಮುಬೀನಾ.

ಜನರ ನೂಕುನುಗ್ಗಲಿನಲ್ಲಿ ಅವಳು ಅವನ ಎಡಕ್ಕೆ ಬಂದಿದ್ದಳು. ಡ್ರಮ್ಮಿನ ಸದ್ದಿನ ನಡುವೆ, ಉಸಿರು ಬಿಗಿಹಿಡಿದು ಹೇಳಿಯೇಬಿಟ್ಟಳು.

"ಯುನೂಸ... ನೀವಂದ್ರ ನನಗ ಭಾಳ ಇಷ್ಟ. ಬರೂ ಐತವಾರ ನಮ್ಮನಿಗೆ ಬರ್ರಿ. ಅಬ್ಬಾಗ ಹೇಳಿರ್ತೇನಿ. ಬರ್ತೀರಲ್ಲ?"

ಅವನಿಗೆ ಕಂಡದ್ದು ಅವಳ ತುಟಿಯ ಚಲನೆ ಮಾತ್ರ. ಹಾಡಿನ ಬಗ್ಗೆ ಏನೋ ಅನ್ನುತ್ತಿದ್ದಾಳೆ ಅಂದುಕೊಂಡ. ಇನ್ನೊಮ್ಮೆ ಹೇಳಿ ಅನ್ನಲು, ರುಸ್ತುಂ ಅಂಕಲ್ ಮಾತಿಗೆ ಅವಳು ನಕ್ಕ ನಗು ಅಡ್ಡ ಬಂತು.

"ಹೂಂ... ಹೂಂ. ಆಗ್ಲಿರಿ," ಎಂದು ತಲೆಯಾಡಿಸಿ ನಕ್ಕ.

ಮುಬೀನಾ ನಾಚಿ ನೆಲ ನೋಡಿದಳು.

*

ಭಾನುವಾರ ಇಂಡಿಯಲ್ಲಿ, ಮುಬೀನಾಳ ಮನೆಯಲ್ಲಿ ಹಬ್ಬದ ಗಡಿಬಿಡಿ. ತಂದೆ, ನಿಂಬೆ ವ್ಯಾಪಾರಿ ಮಶಾಕಸಾಬ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತರು. ತಾಯಿ ಪೀರಬಿ ಬೆಳಗಿನಿಂದ ಒಲೆ ಬಿಟ್ಟೆದ್ದಿರಲಿಲ್ಲ. ಸಾಲೋಟಗಿಯಿಂದ ಸೋದರತ್ತೆ ಸೈದಾಬಿಯೂ ಬಂದಿದ್ದಳು.

ಊಟದ ಹೊತ್ತಾಯಿತು, ಬರಲಿಲ್ಲ. ಬಿರಿಯಾನಿ ಆರಿತು, ಬರಲಿಲ್ಲ. ಫೋನು ಹಚ್ಚಿದರೆ ಸಂಪರ್ಕಕ್ಕೆ ಸಿಗಲಿಲ್ಲ.

"ಬರೋರಿದ್ರ ಬರ್ತಿದ್ರು. ಬಿಡವ್ವ," ಎಂದರು ಮಶಾಕಸಾಬ. ಬೈದಿದ್ದರೆ ಚೆನ್ನಾಗಿತ್ತು, ಆ ಮೆಲ್ಲನೆಯ ಮಾತು ಅವಳನ್ನು ಸೀಳಿತು.

ಸೈದಾಬಿ ಸುಮ್ಮನಿರಲಿಲ್ಲ. "ಮುದ್ದೇಬಿಹಾಳದ ಹುಡುಗನ ಮನಿಯವ್ರು ಇನ್ನೂ ಕಾಯಾಕತ್ತಾರ. ನಾಳೆ ಹೂಂ ಅಂತ ಹೇಳಿ ಕಳಸೂಣೇನು?"

ಅಬ್ಬಾ ಮಗಳ ಮುಖ ನೋಡಿದರು. ಅವಳು ಒಳಗೆ ಎದ್ದುಹೋದಳು.

ಸಂಜೆ ಮೊಬೈಲು ಮಿನುಗಿತು. ಯುನೂಸ!

"ಹಳ್ಯಾಗ ಲಸಿಕೆ ಹಾಕೂದಿತ್ತು, ನೆಟ್‌ವರ್ಕ್ ಇರಲಿಲ್ಲ. ಭಾಳ ದಣದೇನ್ರಿ. ನಿಮ್ಮ ಐತವಾರ ಹೆಂಗ ಹೋತು?"

ಹೆಂಗ ಹೋತು?! ಮುಬೀನಾ ಮೊಬೈಲನ್ನು ಹಾಸಿಗೆಗೆ ಎಸೆದಳು.

*

ಮರುದಿನ ಶಾಲೆಗೆ ರಜೆ ಹಾಕಿ, ಸಿಂದಗಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗಳನ್ನು ಜೋಡಿಸಿಕೊಂಡಳು. ದನದ ಆಸ್ಪತ್ರೆಯ ಹಿತ್ತಲಲ್ಲಿ ಯುನೂಸ ಒಂದು ಎಮ್ಮೆಯ ಹೊಟ್ಟೆ ಪರೀಕ್ಷೆ ಮಾಡುತ್ತಿದ್ದ. ಎಮ್ಮೆಯ ಹಗ್ಗ ಹಿಡಿದು ರೈತ ಬೀರಣ್ಣ ನಿಂತಿದ್ದ.

ಮುಬೀನಾ ನೇರ ಹೋಗಿ, ಅವನ ಪಕ್ಕದಲ್ಲೇ ನಿಂತು ಶುರುಮಾಡಿದಳು.

"ನಾಚಿಕಿ ಆಗಂಗಿಲ್ಲ ನಿಮಗ? ನಮ್ಮ ಅಬ್ಬಾ ಬಾಗಿಲ್ದಾಗ ಕುಂತಿದ್ರು! ಬರಂಗಿಲ್ಲಂದ್ರ ಅವತ್ತ ಹೇಳಬೇಕಿತ್ತು. ಹೂಂ ಯಾಕಂದ್ರಿ? ಮಾತಾಡ್ರಿ!"

ಯುನೂಸ ಕಿವಿಗೆ ಸ್ಟೆಥಾಸ್ಕೋಪು ಹಾಕಿ ಎಮ್ಮೆಯ ಹೊಟ್ಟೆಗೆ ಒತ್ತಿಕೊಂಡೇ ಇದ್ದ. ತಿರುಗಿ ಕೂಡ ನೋಡಲಿಲ್ಲ!

ಬೀರಣ್ಣ ಮುಜುಗರದಿಂದ ಕೆಮ್ಮಿದ.

"ಅಕ್ಕಾರ... ಆಕಡಿ ನಿಂತು ಬೈದ್ರ ಡಾಕ್ಟರ್ರಿಗೆ ಕೇಳಂಗಿಲ್ರಿ. ಅವರಿಗೆ ಎಡಗಿವಿ ಇಲ್ಲ. ಈಕಡಿ ಬಂದು ಬೈರಿ."

ಮುಬೀನಾ ಕಲ್ಲಾದಳು.

ಎಡಗಿವಿ... ಬದಲಿಸುವ ಜಾಗ... ಹೂಂ, ಹೂಂ... ಛತ್ರಿಯಿಂದ ತಿವಿದು ತಾನಂದ ಆ ಮಾತು! ಎಲ್ಲ ಒಮ್ಮೆಲೇ ಅವಳ ಮೇಲೆ ಬಿತ್ತು.

ಯುನೂಸ ಈಗ ಅವಳನ್ನು ನೋಡಿದ. ಬೀರಣ್ಣನ ಮುಖವನ್ನೂ ನೋಡಿದ. ಎಲ್ಲ ತಿಳಿದುಹೋಯಿತು.

"ಮುಬೀನಾ..."

"ಸಿಂದಗಿ ತಾಲೂಕಿನ ಎಮ್ಮಿಗೆಲ್ಲ ಗೊತ್ತೈತಿ, ನನಗೊಬ್ಬಾಕಿಗೆ ಗೊತ್ತಿಲ್ಲ!" ಅವಳು ಸಿಡಿದಳು. "ಆ ರುಸ್ತುಂ ಅಂಕಲ್ ಅಷ್ಟು ಮಂದಿ ಮುಂದ ಕಿವಿ ಬಿಚ್ಚಿ ತೋರಿಸಿದ್ರು. ನಿಮಗ ನನ್ನ ಮುಂದ ಹೇಳಾಕ ಆಗಲಿಲ್ಲ?"

"ನೀವೂ ನಕ್ರಿ ಅವತ್ತ."

"ಅವರ ಧೈರ್ಯ ನೋಡಿ ನಕ್ಕೆ!"

ಯುನೂಸ ತಲೆ ತಗ್ಗಿಸಿದ. "ಒಂದು ಸಲ ಹೇಳಿ ಎಲ್ಲಾ ಕಳಕೊಂಡೇನ್ರಿ. ನಿಮ್ಮನ್ನ ಕಳಕೊಳ್ಳೋ ತಾಕತ್ತು ನನಗಿರಲಿಲ್ಲ... ಅವತ್ತ ನಾ ಯಾವುದಕ್ಕ ಹೂಂ ಅಂದೆ? ಹೇಳ್ರಿ ಸ್ವಲ್ಪ."

"ಹೇಳಂಗಿಲ್ಲ."

"ಮುಬೀನಾ..."

"ಹೇಳಂಗಿಲ್ಲ! ಕಿವಿ ಇಲ್ಲಂತ ನನಗ ಸಿಟ್ಟಿಲ್ಲ. ಕೇಳದ ಹೂಂ ಅಂದ್ರಲ್ಲ, ಅದಕ್ಕ ಸಿಟ್ಟು. ನಮ್ಮ ಅಬ್ಬಾ ನಿಮ್ಮ ದಾರಿ ಕಾದು ಕಾದು ಉಣ್ಣಲಾರದ ಎದ್ದಾರ. ಇವತ್ತ ಸಂಜಿಗೆ ಮುದ್ದೇಬಿಹಾಳಕ್ಕ ಹೂಂ ಅಂತ ಹೇಳಿ ಕಳಸ್ತಾರ. ಅಷ್ಟ ಹೇಳಾಕ ಬಂದಿದ್ದೆ."

ಹೇಳಿ, ಕಣ್ಣೊರೆಸಿಕೊಂಡು, ತಿರುಗಿ ನೋಡದೆ ಬಸ್ ನಿಲ್ದಾಣಕ್ಕೆ ಹೋದಳು.

ಅವನು ನಿಂತಲ್ಲೇ ನಿಂತ. ಅಬ್ಬಾ... ದಾರಿ ಕಾದು... ಮುದ್ದೇಬಿಹಾಳ... ಅವಳು ಏನು ಕೇಳಿದ್ದಳೆಂದು ನಿಧಾನವಾಗಿ ಅರ್ಥವಾಯಿತು. ಅರ್ಥವಾದ ಮೇಲೆ ನಿಲ್ಲಲಾಗಲಿಲ್ಲ.

"ಹೋಗ್ರಿ ಡಾಕ್ಟರ್ರ," ಎಂದ ಬೀರಣ್ಣ. "ನನ್ನ ಎಮ್ಮಿಗೆ ಅಜೀರ್ಣ ಅಷ್ಟ ಐತಿ. ಔಷಧ ಕೊಟ್ಟು ಹೋಗ್ರಿ."

*

ಮುಬೀನಾ ಮನೆ ಮುಟ್ಟಿದಾಗ ಬಾಗಿಲಲ್ಲಿ ಧೂಳು ಮೆತ್ತಿದ ಬೈಕು ನಿಂತಿತ್ತು. ಒಳಗೆ ಯುನೂಸ! ಮಶಾಕಸಾಬರ ಎದುರು ಕುರ್ಚಿಯ ಅಂಚಿನಲ್ಲಿ ಕೂತು, ಒಂದೇ ಉಸಿರಿನಲ್ಲಿ ಹೇಳುತ್ತಿದ್ದ.

"...ನನಗ ಎಡಗಿವಿ ಕೇಳಂಗಿಲ್ರಿ. ಸಣ್ಣವನಿದ್ದಾಗಿಂದ. ನಿಮ್ಮ ಮಗಳಿಗೆ ಹೇಳಿರಲಿಲ್ಲ. ಅವರು ಕರದಿದ್ದು ನನಗ ಕೇಳಿಸಲೇ ಇಲ್ಲ. ಕೇಳದ ಹೂಂ ಅಂದಿದ್ದು ನನ್ನ ತಪ್ಪು. ನಿಮ್ಮನ್ನ ಕಾಯಿಸಿದ್ದೂ ನನ್ನ ತಪ್ಪು. ಈಗ ನಾನಾಗಿ ಹೆಣ್ಣು ಕೇಳಾಕ ಬಂದೇನ್ರಿ."

"ಅಲ್ಲಾ, ಕಿವುಡಗ..." ಎಂದು ಸೈದಾಬಿ ಬಾಯಿ ತೆರೆದಳು.

"ಸೈದಾ, ನೀ ಸುಮ್ಮನಿರು," ಎಂದರು ಮಶಾಕಸಾಬ. ಯುನೂಸನ ಕಡೆಗೆ ತಿರುಗಿದರು. "ನನಗ ಎರಡೂ ಕಿವಿ ಅದಾವ ಡಾಕ್ಟರ್ರ. ಮುಬೀನಾನ ಅಮ್ಮಿ ಹೇಳಿದ್ದು ಒಂದೂ ಕೇಳಿಸೂದಿಲ್ಲ ಅಂತ ದಿನಾ ಬೈಸ್ಕೋತೇನಿ."

ಅಡುಗೆಮನೆಯಿಂದ ಪೀರಬಿಯ ನಗು ಕೇಳಿಸಿತು.

"ನಿಖಾದಾಗ ಕಾಜಿ ಸಾಹೇಬ್ರು ಮೂರು ಸಲ ಕೇಳ್ತಾರ, ಕಬೂಲ್ ಐತೇನು, ಒಪ್ಪಿಗಿ ಐತೇನು ಅಂತ. ಅವರನ್ನ ನಿಮ್ಮ ಬಲಕ್ಕ ಕುಂದ್ರಸ್ತೇವಿ. ಅವತ್ತರ ಕೇಳಿ ಹೂಂ ಅನ್ರಿ, ಆತಲ್ಲ?"

ಯುನೂಸನ ಕಣ್ಣು ತುಂಬಿದವು. ಪೀರಬಿ ಚಹ ಹಿಡಿದು ಬಂದವಳು, ಬಾಗಿಲಲ್ಲಿ ನಿಂತ ಮಗಳನ್ನು ನೋಡಿ ಕೈಗೆ ಕಪ್ಪು-ಬಸಿಯನ್ನಿತ್ತಳು. "ತಗೋ, ನೀನ ಕೊಡು."

ದೊಡ್ಡವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಹೊರಕೋಣೆಯಲ್ಲಿ ನಿಂಬೆಯ ಚೀಲಗಳ ಘಮ. ಮುಬೀನಾಳ ಮುಖದಲ್ಲಿ ಇನ್ನೂ ಸಿಟ್ಟಿತ್ತು. ಕಣ್ಣಲ್ಲಿ ಮಾತ್ರ ಇರಲಿಲ್ಲ.

"ಇನ್ನ ಮುಂದ ಕೇಳಲಿಲ್ಲಂದ್ರ ಕೇಳಲಿಲ್ಲ ಅನಬೇಕು. ಹತ್ತು ಸಲ ಬೇಕಾದ್ರ ಹೇಳ್ತೇನಿ. ಸುಳ್ಳು ಹೂಂ ಅಂದ್ರ ನೋಡ್ರಿ ಮತ್ತ!"

"ಅನ್ನಂಗಿಲ್ಲ. ಆಣಿಗೂ ಅನ್ನಂಗಿಲ್ಲ... ಅವತ್ತ ಏನಂದ್ರಿ, ಈಗರ ಹೇಳ್ರಿ."

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಅವನ ಬಲಗಿವಿಯ ಹತ್ತಿರ ಬಾಗಿದಳು.

"ನೀವಂದ್ರ ನನಗ ಭಾಳ ಇಷ್ಟ ಅಂದಿದ್ದೆ."

ಅವನು ಕಣ್ಣು ಮುಚ್ಚಿಕೊಂಡ.

"ಕೇಳಿಸ್ತೇನು?"

"ಇಲ್ರಿ," ಎಂದ ಯುನೂಸ, ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಒಂಬತ್ತು ಸಲ ಬಾಕಿ ಐತಿ."

"ಯಾ ಅಲ್ಲಾ! ಎಂಥಾ ಮನುಷ್ಯರಿ ನೀವು!" ಎಂದು ಸಿಡುಕಿ, ಮುಬೀನಾ ಇನ್ನಷ್ಟು ಹತ್ತಿರ ಬಾಗಿದಳು.