ಮುರಿದದ್ದು ಬೆಸುಗೆಯಲ್ಲ

"ಇದನ್ನ ರಿಪೇರಿ ಮಾಡಿದ್ದು ನೀನೇ ತಾನೆ?"

ಮಾಹ್ತೆ ಎರಡು ತುಂಡಾದ ಕಪ್ಪು ಕೊಳವೆಯನ್ನು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟ. ಅವನ ಎಡಗೈ ಕೊರಳಿನ ಪಟ್ಟಿಯಲ್ಲಿ ತೂಗುತ್ತಿತ್ತು. ಕೆನ್ನೆಯ ಮೇಲೆ ಚಳಿ ಕಚ್ಚಿದ ಗುರುತು.

ತೋರಾ ಒಂದು ತುಂಡನ್ನು ಎತ್ತಿಕೊಂಡಳು. ಮೂರು ವಾರದ ಹಿಂದೆ ಹಿಮದ ಮೇಲೆ ಓಡುವ ಅವನ ಸ್ನೋಮೊಬೈಲ್ ಗಾಡಿಯ ಈ ಕಾರ್ಬನ್ ಫೈಬರ್ ಕೊಳವೆ ಬಿರುಕು ಬಿಟ್ಟಾಗ ಬೆಸೆದವಳು ಅವಳೇ. ಹ್ಯಾಂಡಲ್ಲಿನ ಭಾರವನ್ನೆಲ್ಲ ಹೊರುವುದು ಇದೇ.

"ಬಿದ್ದೆಯಾ?" ಎಂದಳು.

"ಹದಿನಾಲ್ಕು ಕಿಲೋಮೀಟರ್ ನಡ್ಕೊಂಡು ಬಂದೆ."

ಬೈದಿದ್ದರೆ ಚೆನ್ನಾಗಿತ್ತು. ಅವನು ಅಷ್ಟೇ ಹೇಳಿ, ತುಂಡುಗಳನ್ನು ಅಲ್ಲೇ ಬಿಟ್ಟು ಹೊರಟುಹೋದ.

ಸಂಜೆಯೊಳಗೆ ಪೆಟ್ರೋಲ್ ಬಂಕಿನಲ್ಲಿ ಅವನ ಚಿಕ್ಕಪ್ಪ ಪಿಯೆರಾ ಆಡಿದ ಮಾತು ಅವಳ ಕಿವಿಗೂ ಬಿತ್ತು. ಕರಾವಳಿಯಲ್ಲಿ ದೋಣಿಗೆ ಅಂಟು ಬಳಿದವಳ ಕೈಗೆ ಬೆಟ್ಟ ಹತ್ತುವ ಗಾಡಿ ಕೊಟ್ಟರೆ ಇನ್ನೇನಾಗುತ್ತೆ ಅಂದನಂತೆ.

ಮಾಹ್ತೆ ಪಕ್ಕದಲ್ಲೇ ನಿಂತಿದ್ದನಂತೆ... ಒಂದು ಮಾತೂ ಆಡಲಿಲ್ಲವಂತೆ.

ಅದೇ ಅವಳಿಗೆ ಹೆಚ್ಚು ಚುಚ್ಚಿತು. ರಿಪೇರಿಗೆ ಕೊಟ್ಟ ದಿನ ಎರಡು ಗಂಟೆ ಕೂತು, ಕಾಫಿ ಕುಡಿದು, ಅವಳ ಕೆಲಸ ನೋಡುತ್ತ ನಕ್ಕಿದ್ದವನು ಇವನೇನಾ?

ತೋರಾಳ ಅಪ್ಪ ಹೋಲ್ಗರ್ ಹೊಸ ಕೊಳವೆ ತರಿಸೋಣ ಎಂದ. ಕಂಪನಿಗೆ ಫೋನು ಮಾಡಿದರೆ ಆರು ವಾರ ಬೇಕೆಂದರು. ಅಷ್ಟರಲ್ಲಿ ಹಿಮಸಾರಂಗಗಳು ದಾಟಬೇಕಾದ ಸರೋವರದ ಮಂಜುಗಡ್ಡೆ ಕರಗಲು ಶುರುವಾಗುತ್ತದೆ. ಮಾಹ್ತೆಯ ಮನೆಯವರ ನಲವತ್ತು ಹಿಮಸಾರಂಗಗಳು ಬೆಟ್ಟದ ಮೇಲೆ ಸಿಕ್ಕಿಕೊಂಡಿದ್ದವು, ಎಲ್ಲವೂ ಗಬ್ಬದವು. ಅಲ್ಲಿನ ಸಡಿಲ ಹಿಮದಲ್ಲಿ ಭಾರದ ಗಾಡಿಗಳು ಹೂತುಹೋಗುತ್ತಿದ್ದವು; ಮಾಹ್ತೆಯ ಹಗುರ ಗಾಡಿ ಮಾತ್ರ ಓಡುತ್ತಿತ್ತು.

ತೋರಾ ಗರಗಸ ಹಿಡಿದು ಮುರಿದ ಕೊಳವೆಯನ್ನು ಉದ್ದಕ್ಕೆ ಸೀಳಿದಳು. ತಪ್ಪು ತನ್ನದಾದರೆ ತನ್ನ ಕಣ್ಣಿಂದಲೇ ನೋಡಬೇಕಿತ್ತು.

ಅವಳ ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಕೊಳವೆ ಮುರಿದದ್ದು ಒಂದು ಗೇಣು ಕೆಳಗೆ. ಅಲ್ಲಿ ಯಾರೋ ಡ್ರಿಲ್ಲಿನಿಂದ ಹೊಸ ತೂತು ಕೊರೆದಿದ್ದರು. ಅಲ್ಲಿನ ಕಾರ್ಬನ್ ಎಳೆಗಳೆಲ್ಲ ಅಡ್ಡಡ್ಡ ಕತ್ತರಿಸಿಹೋಗಿದ್ದವು.

ಆ ತುಂಡನ್ನು ಪಿಯೆರಾನ ಮುಖಕ್ಕೆ ಹಿಡಿಯಬೇಕು ಅನ್ನಿಸಿತು. ಆದರೆ ಅದರಿಂದ ಸಾರಂಗಗಳು ಕೆಳಗಿಳಿದು ಬರುವುದಿಲ್ಲವಲ್ಲ...

ಇನ್ನೊಂದು ಕೊಳವೆಯನ್ನು ತಾನೇ ಮಾಡಲು ನಿಶ್ಚಯಿಸಿದಳು. ತುಂಡುಗಳನ್ನು ಜೋಡಿಸಿ ಅಚ್ಚು ತೆಗೆದಳು. ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಂಟು ಕುಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಒಳಗಿನ ಗಾಳಿ ಹೊರಗೆಳೆದಳು. ಅಂಟು ಗಟ್ಟಿಯಾಗುವಂತೆ ಬೇಯಿಸಲು ದೊಡ್ಡ ಒಲೆ ಇರಲಿಲ್ಲ. ಮನೆಯ ಬಿಸಿಹಬೆ ಸ್ನಾನದ ಕೋಣೆ ಸೌನಾವನ್ನೇ ಎಂಬತ್ತು ಡಿಗ್ರಿಗೆ ಕಾಯಿಸಿದಳು. ಶನಿವಾರದ ಸ್ನಾನ ತಪ್ಪಿತೆಂದು ಅಪ್ಪ ಗೊಣಗಿದ.

ಮೊದಲ ಕೊಳವೆಯಲ್ಲಿ ಗಾಳಿಗುಳ್ಳೆಗಳಿದ್ದವು. ಎಸೆದಳು. ಎರಡನೆಯದು ಸೊಟ್ಟಗಿತ್ತು. ಅದನ್ನೂ ಎಸೆದಳು.

ಮೂರನೆಯದರ ಎರಡು ತುದಿಗೆ ಆಸರೆ ಕೊಟ್ಟು ಅಪ್ಪನನ್ನು ಮೇಲೆ ನಿಲ್ಲಿಸಿದಳು. ತೊಂಬತ್ತೆಂಟು ಕಿಲೋ ಅಪ್ಪ ಕುಣಿದರೂ ಅದು ಕಿರ್ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬೆಟ್ಟದ ಬುಡದಲ್ಲಿದ್ದ ಮಾಹ್ತೆಯ ಮನೆಯವರ ಗುಡಿಸಲಿಗೆ ಹೋದಳು. ಮಾಹ್ತೆ ಮತ್ತು ಪಿಯೆರಾ ನೋಡುತ್ತಿದ್ದಂತೆ, ಅವರು ಎಳೆದು ತಂದಿದ್ದ ಗಾಡಿಗೆ ಕೊಳವೆಯನ್ನು ಜೋಡಿಸಿ, ಆಮೇಲೆ ಸೀಳಿದ ಹಳೆಯ ತುಂಡನ್ನು ಮಾಹ್ತೆಯ ಕೈಗಿಟ್ಟಳು.

"ನನ್ನ ಬೆಸುಗೆ ಇಲ್ಲಿದೆ ನೋಡು. ಮುರಿದಿರೋದು ಇಲ್ಲಿ. ಈ ತೂತು ಯಾರು ಕೊರೆದದ್ದು?"

ಅವನು ತುಂಡನ್ನು ಬೆಳಕಿಗೆ ತಿರುಗಿಸಿ ನೋಡಿದ.

"ನಾನೇ... ಹಗ್ಗ ನೇತು ಹಾಕೋಕೆ ಕೊಕ್ಕೆ ಬೇಕಿತ್ತು."

ಪಿಯೆರಾ ಏನೋ ಹೇಳಲು ಬಾಯಿ ತೆರೆದ. ಮಾಹ್ತೆ ಅವನನ್ನು ತಡೆದ.

"ಚಿಕ್ಕಪ್ಪ, ತಪ್ಪು ನಂದು. ಬಂಕಿನಲ್ಲಿ ನೀನು ಆಡಿದ ಮಾತನ್ನ ನೀನೇ ಅಲ್ಲಿ ಹೋಗಿ ವಾಪಸ್ ತಗೋಬೇಕು. ಅವತ್ತು ನಾನು ಸುಮ್ನೆ ನಿಂತೆ. ಅದೂ ತಪ್ಪೇ."

ಪಿಯೆರಾ ಟೋಪಿ ತೆಗೆದು ತಲೆ ಕೆರೆದುಕೊಂಡ. ಮಾಹ್ತೆ ಗಾಡಿ ಹತ್ತಲು ಹೋದ. ತೋರಾ ಅಡ್ಡ ನಿಂತಳು.

"ಒಂದು ಕೈಯಲ್ಲಾ? ಇಳಿ. ಮಾಡಿದವಳು ನಾನು, ಮೊದಲು ಹತ್ತೋಳೂ ನಾನೇ."

ಅವಳು ಸೊಂಟದೆತ್ತರದ ಹಿಮ ಸೀಳುತ್ತ ಮೇಲೇರಿದಳು. ವಾಕಿಟಾಕಿಯಲ್ಲಿ ಪಿಯೆರಾ ದಾರಿ ಹೇಳಿದ. ಬಂಡೆಯ ಬಳಿ ಗಾಡಿ ಎಗರಿ ಧಡ್ ಎಂದು ಬಿತ್ತು. ಕೊಳವೆ ತಡೆದುಕೊಂಡಿತು. ಹಿಂಡಿನ ಹಿಂದೆ ಸುತ್ತು ಹಾಕಿ ನಿಧಾನಕ್ಕೆ ತಿರುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ನಲವತ್ತೂ ಕೆಳಗಿಳಿದವು.

ಪಿಯೆರಾ ಅವಳಿಗೆ ತನ್ನ ಮರದ ಬಟ್ಟಲಲ್ಲೇ ಕಾಫಿ ಕೊಟ್ಟ. ಇವತ್ತೇ ಬಂಕಿಗೆ ಹೋಗುತ್ತೇನೆಂದು ಹೇಳಿ ಹೊರಟ.

ಇಬ್ಬರೇ ಉಳಿದಾಗ ಮಾಹ್ತೆ ತನ್ನ ಬೂಟಿನ ತುದಿ ನೋಡುತ್ತ ನಿಂತ.

"ನಾಳೆ ಹಿಂಡು ಮರಿ ಹಾಕೋ ಜಾಗಕ್ಕೆ ಹೊರಡುತ್ತೆ. ನಂಗೆ ಕೈ ಆಗಲ್ಲ. ಗಾಡಿ ಓಡಿಸೋರು ಬೇಕು."

"ಗಾಡಿ ಓಡಿಸೋರು ಅಷ್ಟೇನಾ?"

"ಅಲ್ಲ."

"ಹಾಗಾದ್ರೆ ನೆಟ್ಟಗೆ ಕೇಳು, ಮಾಹ್ತೆ."

ಅವನು ತಲೆ ಎತ್ತಿದ. "ನಂಗೆ ನೀನು ಬೇಕು, ತೋರಾ. ಅವತ್ತು ಕಾಫಿ ಕುಡಿದ ದಿನದಿಂದಲೂ."

ಅವಳ ಕಣ್ಣು ತುಂಬಿತು. ಜಾರಿದ ಅವನ ಕೈಪಟ್ಟಿಯನ್ನು ಮೆಲ್ಲಗೆ ಸರಿಮಾಡಿ, ಗಂಟು ಬಿಗಿದಳು.

"ಬೆಳಿಗ್ಗೆ ಎಷ್ಟೊತ್ತಿಗೆ ಹೊರಡೋದು?"